ಓನರಮ್ಮ ಒಪ್ಪಲ್ಲ

ಬ್ರೇಕ್ ಮೇಷ್ಟ್ರು ಮನೆ ಕೊಂಡರಂತೆ ಎಂಬ ಸುದ್ದಿಯನ್ನು ಡ್ರೈವಿಂಗ್ ಸ್ಕೂಲಿನಲ್ಲಿ ಮೊದಲು ಯಾರೂ ನಂಬಲಿಲ್ಲ. ಅವರು ಮನೆ ಕೊಳ್ಳುವ ಪೈಕಿಯೇ ಅಲ್ಲ ಎಂಬುದು ಎಲ್ಲರ ತೀರ್ಮಾನವಾಗಿತ್ತು. ಕಲಿಯಲು ಬಂದವರ ಕೈಗೆ ಸ್ಟೀರಿಂಗ್ ಕೊಟ್ಟು, ತಾವು ಪಕ್ಕದ ಸೀಟಿನಲ್ಲಿ ಕೂತು, ಕಾಲ ಬಳಿ ಬೇರೆಯಾಗಿ ಕೂರಿಸಿದ ಇನ್ನೊಂದು ಬ್ರೇಕನ್ನು ಒತ್ತುವುದೇ ಅವರ ಕಸುಬು. ಆ ಕಾರಿನಲ್ಲಿ ಅವರ ಪಾಲಿಗೆ ಬಂದದ್ದು ಆ ಬ್ರೇಕ್ ಒಂದೇ. ಒತ್ತಿ ಒತ್ತಿ ಅದು ಮೈಗೆ ಅಂಟಿಬಿಟ್ಟಿತ್ತು. ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತರೂ ಒತ್ತುತ್ತಿದ್ದರು. ಹೆಂಡತಿ ಏನಾದರೂ ಹೊಸ ಮಾತು ತೆಗೆದರೂ ಅವರ ಬಲಗಾಲು ತಾನಾಗಿಯೇ ನೆಲ ಒತ್ತುತ್ತಿತ್ತು.

ಮನೆ ಕೊಳ್ಳುವ ಮಾತು ತೆಗೆದವಳೂ ಹೆಂಡತಿಯೇ. ಅವಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸದಲ್ಲಿದ್ದಳು. ಬೆಳಗಾದರೆ ಸಾಲಾಗಿ ಕೂತವರ ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ನರ ಹುಡುಕಿ, "ಚುರುಕ್ ಅನ್ನತ್ತೆ, ಅಷ್ಟೆ" ಎಂದು ಹೇಳಿ ಮುಗಿಸುವಷ್ಟರಲ್ಲಿ ರಕ್ತ ತೆಗೆದುಬಿಟ್ಟಿರುತ್ತಿದ್ದಳು. ಪೈಲ್ವಾನರಂಥ ಗಂಡಸರೂ ಅವಳ ಮುಂದೆ ಕಣ್ಣು ಮುಚ್ಚಿ ಕೂರುತ್ತಿದ್ದರು. ಒಂದು ಸಂಜೆ ಕಾಫಿ ಲೋಟ ಮುಂದಿಟ್ಟು ಗಂಡನಿಗೂ ಅದೇ ಧಾಟಿಯಲ್ಲಿ ಹೇಳಿದಳು.

"ರೀ, ಬಾಡಿಗೆ ಮನೆ ಸಾಕು. ಒಂದು ಕಟ್ಟಡ ನೋಡಿದೀನಿ, ಮೂರು ಮನೆ ಇರೋದು. ಕೆಳಗೆ ನಾವಿರೋಣ, ಮೇಲಿನ ಎರಡು ಬಾಡಿಗೆಗೆ ಬಿಡೋಣ. ಸಾಲದ ಕಂತು ಆ ಬಾಡಿಗೇಲೇ ಹೋಗತ್ತೆ. ಚುರುಕ್ ಅನ್ನತ್ತೆ, ಅಷ್ಟೆ."

ಮೇಷ್ಟ್ರ ಕಾಲು ನೆಲ ಒತ್ತಿತು. ಮನೆಯ ನೆಲದಲ್ಲಿ ಬ್ರೇಕ್ ಇರುವುದಿಲ್ಲವಾದ್ದರಿಂದ ಮಾತು ಮುಂದಕ್ಕೆ ಹೋಯಿತು.

ಅವಳಿಗೆ ಮನೆ ಬೇಕಿದ್ದದ್ದು ಒಂದು ಮೊಳೆಗಾಗಿ. ಇದು ತಮಾಷೆಗೆ ಹೇಳುತ್ತಿರುವ ಮಾತಲ್ಲ. ಮದುವೆಯಾದ ಹೊಸದರಲ್ಲಿ, ಮೊದಲ ಸಂಬಳ ಬಂದಾಗ, ಅವಳು ಮರದ ಚೌಕಟ್ಟಿನ ಒಂದು ಕನ್ನಡಿ ಕೊಂಡಿದ್ದಳು. ಆದರೆ ಸೇರಿದ ಮನೆಯ ಓನರ್ರು ಗೋಡೆಗೆ ಮೊಳೆ ಹೊಡೆಯಕೂಡದು ಅಂದರು. ಅದಾದ ಮೇಲೆ ಬದಲಾಯಿಸಿದ ಮನೆಗಳ ಓನರ್ರೆಲ್ಲ ಬೇರೆ ಬೇರೆ ಜಾಯಮಾನದವರು. ಒಬ್ಬರು ಸಿಡುಕರು, ಒಬ್ಬರು ನಗುಮುಖದವರು, ಒಬ್ಬರಂತೂ ದಿನಕ್ಕೊಂದು ಸಲ ಸುಮ್ಮನೆ ಬಂದು ಗೋಡೆ ಸವರಿ ಹೋಗುತ್ತಿದ್ದರು. ಮೊಳೆಯ ವಿಷಯಕ್ಕೆ ಬಂದರೆ ಮಾತ್ರ ಎಲ್ಲರದೂ ಒಂದೇ ಮಾತು. ಹೀಗಾಗಿ ಆ ಕನ್ನಡಿ ಎಲ್ಲ ಮನೆಗಳಲ್ಲೂ ನೆಲದ ಮೇಲೆ ಗೋಡೆಗೊರಗಿಯೇ ನಿಂತಿತ್ತು. ನಿಂತರೆ ಅದರಲ್ಲಿ ಮೊಣಕಾಲು ಮಾತ್ರ ಕಾಣುತ್ತಿತ್ತು. ತಲೆ ಬಾಚಿಕೊಳ್ಳಬೇಕಾದರೆ ಅವಳು ಕುಕ್ಕರುಗಾಲಲ್ಲಿ ಕೂರಬೇಕು.

"ನಿಂತ್ಕೊಂಡು ತಲೆ ಬಾಚ್ಕೋಬೇಕು ಅಂತ ಆಸೆ," ಎಂದಿದ್ದಳು. "ಇನ್ನೇನೂ ಬೇಡ ನಂಗೆ."

ಬಾಡಿಗೆ ಮನೆಯ ವಾಸ ಮೇಷ್ಟ್ರನ್ನು ಬೇರೆ ರೀತಿ ತಿದ್ದಿತ್ತು. ಕುರ್ಚಿಯ ಕಾಲುಗಳಿಗೆ ಬಟ್ಟೆ ಕಟ್ಟುವುದು, ಮಿಕ್ಸಿ ಹಾಕುವಾಗ ಅದರ ಮೇಲೆ ಟವೆಲ್ ಹೊದಿಸುವುದು, ಸೀನು ಬಂದರೆ ತಲೆದಿಂಬಿಗೆ ಸೀನುವುದು, ಇವೆಲ್ಲ ಅವರಿಗೆ ನೀರು ಕುಡಿದಷ್ಟು ಸಲೀಸಾಗಿತ್ತು. ಸದ್ದಿಲ್ಲದೆ ಬದುಕುವುದರಲ್ಲಿ ಅವರನ್ನು ಮೀರಿಸುವವರು ಹುಟ್ಟಿರಲಿಲ್ಲ.

ಸಾಲ ಸಿಕ್ಕಿದ್ದು ಅವಳ ಸಂಬಳದ ಮೇಲಾದ್ದರಿಂದ ಮನೆಯ ಪತ್ರವೂ ಅವಳ ಹೆಸರಿಗೇ ಆಯಿತು. ಮೇಷ್ಟ್ರು ಸಾಕ್ಷಿ ಅಂತ ಸಹಿ ಹಾಕಿದರು. "ಯಾರ ಹೆಸರಲ್ಲಿದ್ರೇನು ಬಿಡಿ, ಎಲ್ಲಾ ಒಂದೇ" ಎಂದು ಬ್ರೋಕರಿನ ಮುಂದೆ ದೊಡ್ಡ ಮನಸ್ಸಿನವರ ಹಾಗೆ ನಕ್ಕರು. ಆ ಸಹಿ ಹಾಕುವಾಗಲೂ ಅವರ ಕಾಲು ನೆಲ ಒತ್ತುತ್ತಿದ್ದುದನ್ನು ಹೆಂಡತಿ ಮಾತ್ರ ನೋಡಿದಳು.

ಸಾಮಾನು ಸಾಗಿಸಿದ ದಿನ ಎಡವಟ್ಟಾಯಿತು. ಮೇಷ್ಟ್ರು ಕನ್ನಡಿಯನ್ನು ತಬ್ಬಿಕೊಂಡು ಗೇಟು ದಾಟುತ್ತಿದ್ದಾಗ ಮೊದಲ ಮಹಡಿಯಿಂದ ಒಬ್ಬರು ಇಳಿದು ಬಂದರು. ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಕೋರ್ಟು ಅವರನ್ನು ಬಿಟ್ಟಿದ್ದರೂ ಅವರು ಕೋರ್ಟನ್ನು ಬಿಟ್ಟಿರಲಿಲ್ಲ, ಮನೆಯಲ್ಲಿದ್ದರೂ ಕತ್ತಿನವರೆಗೆ ಗುಂಡಿ ಹಾಕಿದ ಕರಿ ಕೋಟಿನಲ್ಲೇ ಇರುತ್ತಿದ್ದರು. ಹಳೇ ಓನರಿನ ಕಾಲದಿಂದಲೂ ಅವರು ಆ ಮನೆಯ ಬಾಡಿಗೆದಾರರು. ಮೇಷ್ಟ್ರನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು.

"ಏನು, ಹೊಸದಾಗಿ ಬಂದ ಬಾಡಿಗೆಯವರಾ?"

ಇಷ್ಟು ವರ್ಷದ ಅಭ್ಯಾಸ ನೋಡಿ, ಮೇಷ್ಟ್ರ ನಾಲಿಗೆ ಮೇಷ್ಟ್ರನ್ನೇ ಒಂದು ಮಾತೂ ಕೇಳಲಿಲ್ಲ. "ಹೂಂ ಸಾರ್" ಎಂದುಬಿಟ್ಟಿತು.

"ಒಳ್ಳೇದಾಯ್ತು. ನಮ್ಮ ಪಕ್ಷಕ್ಕೆ ಒಬ್ಬರು ಸಿಕ್ಕಿದ್ರು. ಹೊಸ ಓನರ್ ಯಾರೋ ಹೆಂಗಸಂತೆ. ಬಾಡಿಗೆ ಹಾಕೋಕೆ ಬ್ರೋಕರ್ ಅವಳ ಖಾತೆ ಕೊಟ್ಟಿದಾನೆ, ಅದರಲ್ಲಿ ಹೆಸರು ನೋಡಿದೆ. ಇಲ್ಲೀವರೆಗೆ ಮುಖ ತೋರಿಸಿಲ್ಲ. ಕೊಬ್ಬು." ಆಮೇಲೆ ಕನ್ನಡಿಯತ್ತ ಬೆರಳು ತೋರಿಸಿ, "ಅದನ್ನ ಗೋಡೆಗೆ ಹಾಕೋ ಯೋಚನೆ ಇದ್ರೆ ಬಿಡಿ. ಮೊಳೆ ಹೊಡೆದ್ರೆ ಅಡ್ವಾನ್ಸಲ್ಲಿ ಹಿಡ್ಕೋತಾರೆ" ಎಂದು ಹಿತವಚನ ಹೇಳಿದರು.

ಹಿಂದೆ ಪಾತ್ರೆ ಮೂಟೆ ಹೊತ್ತು ಬರುತ್ತಿದ್ದ ಹೆಂಡತಿ ಇದನ್ನೆಲ್ಲ ಕೇಳಿಸಿಕೊಂಡಳು. ಒಳಗೆ ಬಂದ ಮೇಲೆ ಮೂಟೆ ಇಳಿಸಿ ಸೊಂಟಕ್ಕೆ ಕೈ ಕೊಟ್ಟಳು.

"ಯಾಕ್ರೀ ಹಾಗಂದ್ರಿ?"

"ಬಾಯಿ ತಪ್ಪಿ ಬಂದ್ಬಿಡ್ತು ಕಣೇ. ಒಂದೆರಡು ದಿನ ಬಿಟ್ಟು ನಿಧಾನಕ್ಕೆ ಹೇಳ್ತೀನಿ. ಬಂದ ದಿನಾನೇ ಓನರ್ ಅಂದ್ರೆ ಜಂಬ ಅಂದ್ಕೋತಾರೆ."

ಒಂದೆರಡು ದಿನ ಹೋಗಿ ಒಂದೆರಡು ತಿಂಗಳಾಯಿತು. ಕನ್ನಡಿ ಹೊಸ ಮನೆಯಲ್ಲೂ ನೆಲದ ಮೇಲೆಯೇ ನಿಂತಿತು. ಮೊಳೆ ಹೊಡೆದರೆ ಆ ಸದ್ದಿಗೆ ಗುಮಾಸ್ತರು ಇಳಿದು ಬರುವುದು ಖಾತ್ರಿ. ಬಂದರೆ ಸತ್ಯ ಹೇಳಬೇಕು. ಹೇಳುವುದಕ್ಕೆ ಮೇಷ್ಟ್ರಿಗೆ ಬಾಯಿ ಬರುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಅವರಿಗೆ ಇದು ಹಿತವಾಗಿಯೇ ಇತ್ತು. ಮೇಲಿನ ಮಹಡಿಗೆ ಆರ್ಡರಿನ ಮೇಲೆ ಕೇಕ್ ಮಾಡಿಕೊಡುವ ಒಬ್ಬಾಕೆ ಬಂದಿದ್ದಳು. ಮನೆ ತೋರಿಸಿದ್ದು, ಬಾಡಿಗೆಯ ಮಾತು ಮುಗಿಸಿದ್ದು ಎಲ್ಲ ಬ್ರೋಕರೇ, ಓನರಮ್ಮನನ್ನು ಅವಳೂ ನೋಡಿರಲಿಲ್ಲ. ಬಂದ ವಾರದಲ್ಲೇ ಎಲ್ಲರೂ ಅವಳನ್ನು ಕೇಕಕ್ಕ ಎನ್ನತೊಡಗಿದ್ದರು. ಕೇಕಿನ ಅಂಚು ನೇರವಾಗಲೆಂದು ಕತ್ತರಿಸಿ ತೆಗೆದ ತುಂಡುಗಳನ್ನೆಲ್ಲ ಅವಳು ಒಂದು ತಟ್ಟೆಯಲ್ಲಿಟ್ಟು "ಅಣ್ಣಾ, ತಗೊಳ್ಳಿ" ಎಂದು ಮೇಷ್ಟ್ರಿಗೂ ಗುಮಾಸ್ತರಿಗೂ ಕೊಡುತ್ತಿದ್ದಳು. ಗುಮಾಸ್ತರು ಸಂಜೆ ಮೆಟ್ಟಿಲ ಮೇಲೆ ಕೂತು ಬಾಡಿಗೆದಾರರ ಹಕ್ಕುಗಳನ್ನು ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ಓನರಿಗೆ ಇದೆಲ್ಲ ಸಿಗುತ್ತದೆಯೇ? ಓನರಿಗೆ ಸಿಗುವುದು ಬಾಡಿಗೆ ಮಾತ್ರ. ಮೇಷ್ಟ್ರಿಗೆ ಕೇಕಿನ ಅಂಚು ಹೆಚ್ಚು ರುಚಿಸಿತು.

ಕಷ್ಟವೆಂದರೆ ದೂರುಗಳು. ಮೆಟ್ಟಿಲ ದೀಪ ಹೋಗಿದೆ, ನಲ್ಲಿ ಸೋರುತ್ತಿದೆ, ಕೇಕಕ್ಕ ಓವನ್ ಹಚ್ಚಿದರೆ ಕಟ್ಟಡದ ಕರೆಂಟೇ ಹೋಗುತ್ತಿದೆ. ಗುಮಾಸ್ತರು ಇವನ್ನೆಲ್ಲ ಹೇಳಿ "ನೀವೇನಂತೀರಿ ಮೇಷ್ಟ್ರೇ?" ಎಂದು ಕೇಳಿದಾಗಲೆಲ್ಲ ಅವರು ಗಂಭೀರವಾಗಿ ತಲೆಯಾಡಿಸಿ, "ಓನರಮ್ಮ ಒಪ್ಪಲ್ಲ ಸಾರ್" ಎನ್ನುತ್ತಿದ್ದರು. ಯಾವ ಓನರಿನ ಕಾಲದಲ್ಲೂ ನಡೆಯುತ್ತಿದ್ದ ಮಾತು ಇದು, ಇಲ್ಲಿಯೂ ಚೆನ್ನಾಗಿ ನಡೆಯಿತು. ಒಂದು ದಿನ ಮನಸ್ಸು ತಡೆಯದೆ, ಮೆಟ್ಟಿಲ ಮೇಲೆ ಯಾರೂ ಇಲ್ಲದ ಹೊತ್ತು ನೋಡಿ, ಕಳ್ಳನ ಹಾಗೆ ಸ್ಟೂಲು ಹತ್ತಿ ತಾವೇ ಹೊಸ ಬಲ್ಬು ಹಾಕಿ ಬಂದರು. ಸಂಜೆ ಗುಮಾಸ್ತರು ಆ ಬೆಳಕಿನಲ್ಲಿ ನಿಂತು ಮೀಸೆ ತಿರುವಿದರು.

"ನೋಡಿದ್ರಾ? ಕೇಸು ಹಾಕ್ತೀನಿ ಅಂತ ಬ್ರೋಕರ್ ಹತ್ರ ಒಂದು ಮಾತು ಬಿಟ್ಟಿದ್ದೆ. ಓನರಮ್ಮ ನಡುಗಿ ಯಾರನ್ನೋ ಕಳಿಸಿದಾಳೆ."

"ನಿಮ್ಮ ಹೆಸರು ಕೇಳಿದ್ರೇ ನಡುಗ್ತಾರೆ ಸಾರ್," ಎಂದರು ಮೇಷ್ಟ್ರು, ಬೆರಳಿಗಂಟಿದ ಬಲ್ಬಿನ ಧೂಳು ಒರೆಸಿಕೊಳ್ಳುತ್ತ.

ಹೀಗೇ ಇನ್ನೊಂದು ಸಂಜೆ ಮೆಟ್ಟಿಲ ಮೇಲೆ ಸಭೆ ಸೇರಿತ್ತು. ಮೇಷ್ಟ್ರ ಬಾಯಿ ತುಂಬ ಕೇಕು. ಗುಮಾಸ್ತರು ಓನರುಗಳ ಕುಲವನ್ನೇ ಜಾಲಾಡುತ್ತಿದ್ದರು.

"ಓನರ್ ಅಂದ್ಮೇಲೆ ಬಿಡಿ, ರಕ್ತ ಹೀರೋರೇ ತಾನೆ."

"ಹೂಂ ಸಾರ್," ಎಂದರು ಮೇಷ್ಟ್ರು ಯೋಚಿಸದೆ. "ಅದೇ ಅವರ ಕೆಲಸ. ಬೆಳಿಗ್ಗೆ ಎದ್ರೆ ಅದೇ."

ಕೇಕಕ್ಕ ಬಿದ್ದು ಬಿದ್ದು ನಕ್ಕಳು. ತಮ್ಮ ಮಾತಿಗೆ ಜನ ನಕ್ಕಿದ್ದು ಮೇಷ್ಟ್ರಿಗೆ ಅಪರೂಪ. ಉಬ್ಬಿಹೋಗಿ ಇನ್ನೂ ಒಂದು ಸೇರಿಸಿದರು.

"ಕರುಳೇ ಇಲ್ಲ ಸಾರ್. ಅಷ್ಟಷ್ಟು ದೊಡ್ಡ ಗಂಡಸರೇ ಅವಳ ಮುಂದೆ ಕಣ್ಣು ಮುಚ್ಚಿ ಕೂತ್ಕೋತಾರೆ."

ಹೇಳಿ ತಿರುಗಿ ನೋಡಿದರೆ ಕಿಟಕಿಯಲ್ಲಿ ಹೆಂಡತಿ ನಿಂತಿದ್ದಳು. ಕೈಯಲ್ಲಿ ಬಾಚಣಿಗೆ ಇತ್ತು. ಮೇಷ್ಟ್ರ ಗಂಟಲಲ್ಲಿ ಕೇಕು ಸಿಕ್ಕಿಕೊಂಡಿತು.

ಒಳಗೆ ಹೋದರೆ ಅವಳು ಕೂಗಾಡಲಿಲ್ಲ, ಪಾತ್ರೆ ಕುಕ್ಕಲಿಲ್ಲ. ಕನ್ನಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕೂದಲ ಸಿಕ್ಕು ಬಿಡಿಸುತ್ತಿದ್ದಳು. ಮೇಷ್ಟ್ರು ಹಿಂದೆ ನಿಂತರು. ಕನ್ನಡಿಯಲ್ಲಿ ಅವಳ ಮುಖ ಕಂಡಿತು, ಅದರ ಹಿಂದೆ ಅವರ ಮೊಣಕಾಲು ಕಂಡಿತು.

"ನಾನು ಈ ಮನೇಲೂ ಬಾಡಿಗೆಗೇ ಇದೀನಿ, ಅಲ್ವಾ?" ಎಂದಳು. "ಬ್ಯಾಂಕಿಗೆ ಅಲೆದೆ, ರಜೆ ಹಾಕಿದೆ, ಎರಡೆರಡು ಪಾಳಿ ಮಾಡಿದೆ. ರಕ್ತ ಹೀರೋಳು ಅನ್ನಿ, ಪರವಾಗಿಲ್ಲ, ಅದು ನನ್ನ ಕೆಲಸ. ಆದ್ರೆ ನಮ್ಮನೆ ಅಂತ ಒಂದು ದಿನ ಬಾಯಿತುಂಬ ಅನ್ನೋಕೆ ಬಿಡ್ಲಿಲ್ವಲ್ರೀ."

ಅವಳ ದನಿಯಲ್ಲಿ ಸಿಟ್ಟಿದ್ದಿದ್ದರೆ ಮೇಷ್ಟ್ರು ಹೇಗೋ ತಡೆದುಕೊಳ್ಳುತ್ತಿದ್ದರು. ಅದು ಅಳುವಿಗೆ ಹತ್ತಿರವಾಗಿತ್ತು.  ತಾನೆಂಥ ಹೇಡಿ ಎಂದು ಅವರಿಗೆ ಅವತ್ತು ಮೊದಲ ಸಲ ಸರಿಯಾಗಿ ಅನ್ನಿಸಿತು. "ನಾಳೆ ಹೇಳೇಬಿಡ್ತೀನಿ" ಎಂದರು. ಅವಳು ಸಿಕ್ಕು ಬಿಡಿಸುತ್ತಲೇ ಇದ್ದಳು.

ಮಾರನೆಯ ದಿನ ಮೇಷ್ಟ್ರು ಗಟ್ಟಿ ಮನಸ್ಸು ಮಾಡಿ, ಗೇಟಿನ ಬಳಿ ಪೇಪರ್ ಓದುತ್ತಿದ್ದ ಗುಮಾಸ್ತರ ಎದುರು ಹೋಗಿ ನಿಂತರು. ಬಾಯಿಪಾಠ ಮಾಡಿಕೊಂಡು ಹೋಗಿದ್ದ ಮಾತೇನೋ ಇತ್ತು. ಆದರೆ ಅವರು ಹಳೇ ಕಾಲದ ಗಂಡಸು. ಪರರ ಎದುರಿಗೆ ನನ್ನ ಹೆಂಡತಿ ಎನ್ನಲು ಅವರಿಗೆ ನಾಚಿಕೆ, ಅವಳ ಹೆಸರು ಹೇಳುವುದಂತೂ ದೂರದ ಮಾತು. ನಮ್ಮ ಎಷ್ಟೋ ಗಂಡಸರ ಹಾಗೆ ಅವರಿಗೂ ಹೆಂಡತಿ ಎಂದರೆ 'ನಮ್ಮನೆಯವರು'.

"ಸಾರ್, ಒಂದು ವಿಷಯ. ನಮ್ಮ ಓನರಮ್ಮ ಇದಾರಲ್ಲ..."

"ಏನು ಮಾಡಿದಳು?"

"ಏನೂ ಮಾಡಿಲ್ಲ. ಅವರು... ಅವರು ನಮ್ಮನೆಯವರು ಸಾರ್."

ಹೇಳಿಬಿಟ್ಟೆ ಎಂದು ಮೇಷ್ಟ್ರಿಗೆ ಎದೆ ಹಗುರವಾಯಿತು. ಗುಮಾಸ್ತರು ಪೇಪರ್ ಮಡಿಸಿದರು.

"ಹೌದು. ನಿಮ್ಮನೆಯವರು, ನಮ್ಮನೆಯವರು, ಮೇಲೆ ಕೇಕಕ್ಕನ ಮನೆಯವರು. ಮೂರೂ ಮನೆಯವರು ಅವರೇ. ಮನೆ ಅವರದು ಅಂದ್ಮೇಲೆ ಮನೆಯವರೇ ತಾನೆ. ಅದರಲ್ಲಿ ಹೊಸದೇನಿದೆ?"

"ಹಾಗಲ್ಲ ಸಾರ್. ನಾನು ಇರೋದೇ ಅವರ ಜೊತೆ..."

"ಅವರ ದಯದಲ್ಲಿ ಅನ್ನಿ."

"ಅದೂ ಹೌದು ಸಾರ್, ಆದ್ರೆ..."

"ಮೇಷ್ಟ್ರೇ." ಗುಮಾಸ್ತರು ಅವರ ಹೆಗಲ ಮೇಲೆ ಕೈಯಿಟ್ಟರು. ದನಿ ಒದ್ದೆಯಾಗಿತ್ತು. "ನಿನ್ನೆ ನಾಲ್ಕು ಮಾತು ಧೈರ್ಯವಾಗಿ ಆಡಿದ್ರಿ. ಇವತ್ತು ಹೆದರಿ ನಮ್ಮನೆಯವರು, ನಮ್ಮನೆಯವರು ಅಂತ ಹಾಡ್ತಿದೀರಿ. ಆ ಹೆಂಗಸು ನಿಮ್ಮನ್ನ ಎಷ್ಟು ಹಿಂಡಿರಬೇಕು. ಬಾಡಿಗೆದಾರ ಅಂದ್ರೆ ಗುಲಾಮ ಅಲ್ಲ. ಅವಳ ಮನೆ ನಿಮಗೆ ಗೊತ್ತಾ?"

ಮೇಷ್ಟ್ರು ತಮ್ಮ ಬಾಗಿಲ ಕಡೆ ನೋಡಿದರು. "ಗೊತ್ತು ಸಾರ್."

"ಸರಿ ಹಾಗಾದ್ರೆ. ಭಾನುವಾರ ನಾವಿಬ್ಬರೂ ಕೇಕಕ್ಕನೂ ಹೋಗೋಣ. ನೀವು ದಾರಿ ತೋರಿಸಿ, ಮಾತು ನಂದು."

ಮೇಷ್ಟ್ರ ಬಲಗಾಲು ಗೇಟಿನ ಮುಂದಿನ ಮಣ್ಣನ್ನು ಬಲವಾಗಿ ಒತ್ತಿತು. ಏನೂ ನಿಲ್ಲಲಿಲ್ಲ.

ಒಳಗೆ ಬಂದು ನಡೆದದ್ದನ್ನು ಹೇಳಿದರು. ಹೆಂಡತಿ ಮೊದಲು ಕಣ್ಣರಳಿಸಿದಳು. 'ಮೂರೂ ಮನೆಯವರು' ಎಂಬಲ್ಲಿಗೆ ಬಂದಾಗ ಅವಳಿಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡಳು. ನಕ್ಕು ಮುಗಿದ ಮೇಲೆ ಕಣ್ಣು ಒರೆಸಿಕೊಂಡು, "ಭಾನುವಾರ ನೀವು ಸುಮ್ಮನಿರಿ. ನೀವು ಇನ್ನು ಏನು ಹೇಳಿದ್ರೂ ಕೆಡತ್ತೆ" ಎಂದಳು.

ಭಾನುವಾರ ಬೆಳಿಗ್ಗೆ ಕರಿ ಕೋಟಿಗೆ ಇಸ್ತ್ರಿಯಾಗಿತ್ತು. ಕೇಕಕ್ಕ ಒಂದು ಕೇಕಿನ ಡಬ್ಬಿ ಹಿಡಿದು ಬಂದಳು. ಜಗಳಕ್ಕೆ ಹೋಗುವಾಗ ಕೇಕು ಯಾಕೆ ಎಂದು ಗುಮಾಸ್ತರು ಗದರಿದರು. "ಬರಿಗೈಲಿ ಹೇಗೆ ಹೋಗೋದು ಸಾರ್, ಮೊದಲನೇ ಸಲ" ಎಂದಳು ಅವಳು. ಇಬ್ಬರೂ ಮೇಷ್ಟ್ರ ನಡುಮನೆಯಲ್ಲಿ ಬಂದು ನಿಂತರು. ಮೇಷ್ಟ್ರು ಕಾಲಲ್ಲಿದ್ದ ಚಪ್ಪಲಿಯನ್ನೇ ಮಂಚದ ಕೆಳಗೆ ಹುಡುಕುತ್ತಿದ್ದರು.

"ಆಟೋ ಕರೀಲಾ?" ಎಂದರು ಗುಮಾಸ್ತರು. "ಎಷ್ಟು ದೂರ?"

"ಹತ್ರಾನೇ ಸಾರ್."

"ಹತ್ರ ಅಂದ್ರೆ ಎಷ್ಟು ಹತ್ರ?"

ಮೇಷ್ಟ್ರು ಮಂಚದ ಕೆಳಗೆ ಇನ್ನಷ್ಟು ಒಳಕ್ಕೆ ಸರಿದರು. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಹೆಂಡತಿ ಬಂದಳು. ಲ್ಯಾಬಿಗೆ ಹೋಗುವ ದಿನದ ಹಾಗೆ ಇಸ್ತ್ರಿ ಸೀರೆ ಉಟ್ಟಿದ್ದಳು. ಕುರ್ಚಿ ಎಳೆದು ಕೂತಳು. ಕುರ್ಚಿಯ ಕಾಲಿಗೆ ಕಟ್ಟಿದ್ದ ಬಟ್ಟೆ ಬೆಳಿಗ್ಗೆಯೇ ಬಿಚ್ಚಿದ್ದಳೋ ಏನೋ, ಕುರ್ಚಿ ನೆಲಕ್ಕೆ ಕಿರ್ರೆಂದು ಉಜ್ಜಿತು.

"ಕೂತ್ಕೊಳ್ಳಿ," ಎಂದಳು. "ಓನರಮ್ಮ ನಾನೇ. ಏನೇನು ತೊಂದರೆ ಇದೆ ಹೇಳಿ."

ಗುಮಾಸ್ತರು ನಕ್ಕರು. ಅವಳು ನಗಲಿಲ್ಲ. ತನ್ನ ಹೆಸರು ಹೇಳಿದಳು. ಪ್ರತಿ ತಿಂಗಳೂ ಬಾಡಿಗೆ ಹಾಕುವಾಗ ಗುಮಾಸ್ತರು ಕಣ್ಣಿಟ್ಟು ನೋಡಿ ಬೈಯುತ್ತಿದ್ದ ಹೆಸರು ಅದು. ಅವರು ಕೂತುಬಿಟ್ಟರು. ಕೋಟಿನ ಮೇಲಿನ ಗುಂಡಿ ಬಿಚ್ಚಿಕೊಂಡರು. ಕೇಕಕ್ಕ ಡಬ್ಬಿಯನ್ನು ಎದೆಗೆ ಒತ್ತಿಕೊಂಡು, ಕೊಡಬೇಕೋ ಬೇಡವೋ ತಿಳಿಯದೆ ನಿಂತಳು.

"ಹಾಗಾದ್ರೆ ಮೇಷ್ಟ್ರು?" ಎಂದರು ಗುಮಾಸ್ತರು.

"ಅವರು ಕೆಳಗಿನ ಮನೆ ಬಾಡಿಗೆಯವರು," ಎಂದಳು ಹೆಂಡತಿ. "ಬಂದಾಗಿನಿಂದ ಒಂದು ತಿಂಗಳೂ ಬಾಡಿಗೆ ಕೊಟ್ಟಿಲ್ಲ."

ಇಷ್ಟು ವರ್ಷ ಕೋರ್ಟಿನ ನೆರಳಲ್ಲಿ ಬದುಕಿದ ಮನುಷ್ಯ. ಎಂಥ ಸಂಕಟದಲ್ಲೂ ಬಾಯಿಗೆ ಕಾನೂನೇ ಬಂತು. "ಹಾಗಿದ್ರೆ ಖಾಲಿ ಮಾಡಿಸ್ಬಹುದು ಮೇಡಂ" ಎಂದರು.

"ನೋಡೋಣ. ಇನ್ನೊಂದು ಅವಕಾಶ ಕೊಡ್ತೀನಿ."

ಮೇಷ್ಟ್ರು ಮಂಚದ ಕೆಳಗಿನಿಂದ ಎದ್ದು ಬಂದು, ಇಂಗು ತಿಂದ ಮಂಗನ ಮುಖ ಹೊತ್ತು ಬಾಗಿಲ ಪಕ್ಕ ನಿಂತರು. ಹೆಂಡತಿ ಅವರ ಕಡೆ ನೋಡದೆ ದೂರುಗಳನ್ನು ಕೇಳಿಸಿಕೊಂಡಳು. ನಲ್ಲಿಗೆ ನಾಳೆಯೇ ಪ್ಲಂಬರ್ ಬರುತ್ತಾನೆ ಎಂದಳು. ಓವನ್ನಿಗೆ ಬೇರೆ ಲೈನ್ ಎಳೆಸೋಣ ಎಂದಳು. ತಿಂಗಳುಗಟ್ಟಲೆ ಮೆಟ್ಟಿಲ ಮೇಲೆ ಬೆಳೆದ ಹೋರಾಟ ಒಂದು ಲೋಟ ಕಾಫಿ ಆರುವಷ್ಟು ಹೊತ್ತಿನೊಳಗೆ ಮುಗಿದುಹೋಯಿತು. ಗುಮಾಸ್ತರಿಗೆ ಇದರಿಂದ ಸ್ವಲ್ಪ ನಿರಾಸೆಯಾದಂತೆಯೇ ಕಂಡಿತು. ಎದ್ದು ಹೋಗುವಾಗ ತಡವರಿಸಿದರು.

"ಮೇಡಂ, ಅವತ್ತು ಮೆಟ್ಟಿಲ ಮೇಲೆ... ರಕ್ತ ಹೀರೋರು ಅಂತ ನಾನೊಂದು ಮಾತು..."

"ಅದು ನನ್ನ ಕೆಲಸಾನೇ ಸಾರ್, ಲ್ಯಾಬಲ್ಲಿ. ನಾಳೆ ಬರಿಹೊಟ್ಟೇಲಿ ಬನ್ನಿ, ನಿಮ್ಮ ಸಕ್ಕರೆ ನೋಡೋಣ. ದಿನಾ ಕೇಕಿನ ಅಂಚು ತಿಂತಿದೀರಿ."

ಕೇಕಕ್ಕ ಆಗ ಡಬ್ಬಿಯನ್ನು ಮೇಜಿನ ಮೇಲಿಟ್ಟು, ತಾನು ಏನೂ ಅಂದಿರಲಿಲ್ಲ, ಬರೀ ನಕ್ಕಿದ್ದೆ ಎಂದು ಹೇಳಿ ಮೆಟ್ಟಿಲು ಹತ್ತಿದಳು.

ಇಬ್ಬರೇ ಉಳಿದರು. ಮೇಷ್ಟ್ರು ತಪ್ಪಾಯ್ತು ಎನ್ನಬೇಕೆಂದು ಬಾಯಿ ತೆರೆದರು, ಆದರೆ ಅವಳು ಅಷ್ಟರಲ್ಲಿ ಒಳಗೆ ಹೋಗಿ ಕನ್ನಡಿಯನ್ನು ಎತ್ತಿಕೊಂಡು ಬಂದು ಗೋಡೆಗೆ ಹಿಡಿದು ಎತ್ತರ ನೋಡುತ್ತಿದ್ದಳು. ಮೇಷ್ಟ್ರು ಹೋಗಿ ಸುತ್ತಿಗೆ ತಂದರು. ಮೊಳೆ ತಂದರು. ಆಮೇಲೆ ಟವೆಲ್ ತಂದು ಸುತ್ತಿಗೆಯ ತಲೆಗೆ ಎರಡು ಸುತ್ತು ಬಿಗಿಯಾಗಿ ಸುತ್ತತೊಡಗಿದರು.

"ಅದೇನ್ರೀ ಅದು?"

"ಮೇಲಿನವರಿಗೆ ಕೇಳತ್ತೆ ಕಣೇ."

"ಕೇಳ್ಲಿ. ಬಿಚ್ಚಿ."

ಬಿಚ್ಚಿದರು. ಗೋಡೆಗೆ ಮೊಳೆ ಹಿಡಿದರು. ಬಲಗಾಲಿನ ಬೆರಳುಗಳು ನೆಲ ಒತ್ತಿ ಒತ್ತಿ ಬೆಳ್ಳಗಾಗಿದ್ದವು. ಸುತ್ತಿಗೆ ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ತಿರುಗಿ ಹೆಂಡತಿಯ ಮುಖ ನೋಡಿದರು.

"ಹೊಡೀಲಾ?"

"ಓನರಮ್ಮ ಒಪ್ಪಿದಾರೆ," ಎಂದಳು. "ಚುರುಕ್ ಅನ್ನತ್ತೆ, ಅಷ್ಟೆ. ಹೊಡೀರಿ."

ಹೊಡೆದರು. ಆ ಸದ್ದು ಇಡೀ ಕಟ್ಟಡಕ್ಕೆ ಕೇಳಿಸಿತು. ಮೇಲಿನಿಂದ ಗುಮಾಸ್ತರ ದನಿ ಬಂತು, "ಯಾರ್ರೀ ಅದು ಗೋಡೆಗೆ ಮೊಳೆ..." ಎಂದು ಶುರುವಾಗಿ ಅರ್ಧಕ್ಕೇ ನಿಂತುಹೋಯಿತು. ಕಿಟಕಿಯೊಂದು ಮೆಲ್ಲಗೆ ಮುಚ್ಚಿಕೊಂಡಿತು. ಮೇಷ್ಟ್ರು ಇನ್ನೂ ನಾಲ್ಕೇಟು ಹಾಕಿದರು, ಬೇಕಾದ್ದಕ್ಕಿಂತ ಜೋರಾಗಿಯೇ.

ಕನ್ನಡಿ ಗೋಡೆ ಹತ್ತಿತು. ಅವಳು ಬಾಚಣಿಗೆ ತಗೊಂಡು ಅದರ ಮುಂದೆ ನೆಟ್ಟಗೆ ನಿಂತಳು. ಇಷ್ಟು ವರ್ಷ ನೆಲಕ್ಕೆ ಕೂತು ನೋಡುತ್ತಿದ್ದ ಮುಖವನ್ನು ನಿಂತು ನೋಡಿಕೊಂಡಳು. ಬಾಚುವುದನ್ನು ಮರೆತು ಸುಮ್ಮನೆ ನೋಡುತ್ತಲೇ ಇದ್ದಳು. ಅವಳ ಹಿಂದೆ ನಿಂತ ಮೇಷ್ಟ್ರ ಮುಖವೂ ಈಗ ಕನ್ನಡಿಯಲ್ಲಿ ಇತ್ತು. ಅವರು ತಲೆ ವಾರೆ ಮಾಡಿ ಚೌಕಟ್ಟನ್ನು ಪರೀಕ್ಷಿಸಿದರು.

"ಸ್ವಲ್ಪ ಎಡಕ್ಕಾಯ್ತೇನೋ ಕಣೇ. ಕಿತ್ತರೆ ಗೋಡೇಲಿ ತೂತು ಉಳಿಯತ್ತೆ."

"ಉಳೀಲಿ ಬಿಡ್ರೀ, ಪಕ್ಕದಲ್ಲಿ ಇನ್ನೊಂದು ಹೊಡೀರಿ," ಎಂದಳು ಕನ್ನಡಿಯಿಂದ ಕಣ್ಣು ತೆಗೆಯದೆ. "ಗೋಡೆ ನಮ್ದೇ."